ಉತಾರದಲ್ಲಿ ಇಲ್ಲದ ನಮ್ಮ ಒಂದು ಗುಂಟೆ

ನಮ್ಮ ಅವ್ವನ ತುಳಸಿ ಇರುವುದು ಎಣ್ಣೆ ಡಬ್ಬಿಯಲ್ಲಿ. ಮುಂಡರಗಿ ತಾಲ್ಲೂಕಿನ ಊರ ಮನೆಯಲ್ಲಿ ಕಲ್ಲಿನ ಕಟ್ಟೆ ಇದೆ, ಆದರೆ ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಕಟ್ಟೆ ಎಲ್ಲಿಂದ ತರೋದು? ಮಾಳಿಗೆ ಮೇಲೆ 15 ಕೆಜಿಯ ಎರಡು ಚೌಕ ತಗಡಿನ ಡಬ್ಬಿ ಇಟ್ಟಿದ್ದಾಳೆ. ಒಂದರಲ್ಲಿ ತುಳಸಿ, ಇನ್ನೊಂದರಲ್ಲಿ ಕರಿಬೇವು. ಓಣಿ ತುದಿಯಲ್ಲಿ ಮಿರ್ಚಿ-ಗಿರ್ಮಿಟ್ ಗಾಡಿ ಇಡುವವರು ಕೊಟ್ಟಿದ್ದು. ಬಣ್ಣ ಅರ್ಧ ಹೋಗಿದೆ, ಆದರೂ ಡಬ್ಬಿಯ ಮೇಲೆ ಒಂದು ಮರದ ಚಿತ್ರ ಇನ್ನೂ ಕಾಣಿಸುತ್ತದೆ. ಅವ್ವ ಅದನ್ನು ಈಚಲ ಗಿಡ ಅಂತಾಳೆ. ಈಚಲದ್ದೇ ಬಳಗ, ತಪ್ಪೇನಿಲ್ಲ. ಅದು ತಾಳೆ ಎಣ್ಣೆಯ ಮರ. ನಮ್ಮ ಕಡೆ ಮಾತಲ್ಲಿ ಪಾಮ್ ಎಣ್ಣಿ.

ಒಂದು ಸಂಜೆ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಕೂತು ಸುಮ್ನೆ ಒಂದು ಲೆಕ್ಕ ಹಾಕಿದೆ. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ವರ್ಷಕ್ಕೆ ಸುಮಾರು 80-90 ಲಕ್ಷ ಟನ್ ಬರುತ್ತದೆ. ಅದನ್ನು 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಆರು ಕೆಜಿ. ನಮ್ಮ ಮನೆಯಲ್ಲಿ ಐದು ಜನ. ಅಂದರೆ ವರ್ಷಕ್ಕೆ 30 ಕೆಜಿ. ಅಂದರೆ ಸರಿಯಾಗಿ ಎರಡು ಡಬ್ಬಿ, ಅಲ್ಲೇ ತುಳಸಿ, ಕರಿಬೇವು ಹೊತ್ತು ನಿಂತಿರುವಂಥವು.

ಅವ್ವನಿಗೆ ಹೇಳಿದೆ. "ನಾವು ಪಾಮ್ ಎಣ್ಣಿ ಒಂದ್ ಹನಿನೂ ತರಂಗಿಲ್ಲ, ಹಂಗಾರ ಯಾರು ತಿಂದ್ರು?" ಅಂದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಕೆಲವು ವರ್ಷ ರೇಷನ್ ಅಂಗಡಿಯಲ್ಲಿ ಪಾಮ್ ಎಣ್ಣೆ ಕೊಡುತ್ತಿದ್ದರು, ಆಗಲೂ ಅವ್ವ ಅದನ್ನು ದೀಪಕ್ಕೆ ಹಾಕಿದ್ದೇ ಹೆಚ್ಚು. ಮನೆಗೆ ಬರುವುದು ಶೇಂಗಾ ಎಣ್ಣೆ, ಕೈ ಬಿಗಿ ಇದ್ದ ತಿಂಗಳು ಸೂರ್ಯಕಾಂತಿ. ಹಾಗಾದರೆ ಆ ಎರಡು ಡಬ್ಬಿ ಯಾವ ಬಾಗಿಲಿಂದ ಒಳಗೆ ಬಂದವು?

ಮರುದಿನ ಅಡುಗೆಮನೆಯ ಮೇಲಿನ ಹಲಗೆ, ಫ್ರಿಜ್ಜು, ಮಗಳ ಶಾಲೆಯ ಚೀಲ ಎಲ್ಲ ಹುಡುಕಿದೆ. ಕ್ರೀಮ್ ಬಿಸ್ಕಿಟ್, ಟೋಸ್ಟ್, ಎರಡು ನಿಮಿಷದ ನೂಡಲ್ಸ್ (ಅದನ್ನು ಪಾಕೀಟಿಗೆ ಹಾಕುವ ಮೊದಲೇ ತಾಳೆ ಎಣ್ಣೆಯಲ್ಲಿ ಕರಿದಿರುತ್ತಾರೆ, ನನಗೆ ಇಷ್ಟು ದಿನ ಅದು ಬರೀ ಒಣ ಶಾವಿಗೆ), ಚಿಪ್ಸು, ಖಾರಾ ಚೂಡಾ, ಕೇಕು. ಐಸ್‌ಕ್ರೀಮ್ ಅಂತ ತಂದದ್ದರ ಮೇಲೆ ಐಸ್‌ಕ್ರೀಮ್ ಅಂತಲೇ ಬರೆದಿರಲಿಲ್ಲ, ಫ್ರೋಜನ್ ಡೆಸರ್ಟ್ ಅಂತಿತ್ತು. ಹಾಲಿನ ಕೊಬ್ಬಿನ ಬದಲು ಎಣ್ಣೆಯ ಕೊಬ್ಬು. ಒಂದರ ಮೇಲೆ ಪಾಮೋಲಿನ್, ಇನ್ನೊಂದರ ಮೇಲೆ ರಿಫೈನ್ಡ್ ಪಾಮ್ ಆಯಿಲ್. ಅಕ್ಷರ ಎಷ್ಟು ಸಣ್ಣವು ಅಂದರೆ ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದೆ. ಕೊನೆಗೆ ಬಚ್ಚಲಿಗೂ ಹೋದೆ. ಸೋಪು ಮತ್ತು ಶಾಂಪೂವಿನಲ್ಲೂ ಇದೇ ಮರದ ಪಾಲು ಇರುತ್ತದೆ, ಅಲ್ಲಂತೂ ಹೆಸರೇ ಬೇರೆ, ರಸಾಯನ ಶಾಸ್ತ್ರ ಓದಿದವರಿಗೇ ಗೊತ್ತಾಗಬೇಕು.

ಯಾಕೆ ಎಲ್ಲ ಕಡೆ ಇದೊಂದೇ? ಇದಕ್ಕೆ ಉತ್ತರ ನನಗೆ ಓದಿ ಸಿಗಲಿಲ್ಲ, ಕಾಕಾನ ಮಗ ಹೇಳಿದ. ಅವನು ಹಳೇ ಹುಬ್ಬಳ್ಳಿಯಲ್ಲಿ ಮನೆ ಹಿಂದೆ ಶೆಡ್ ಹಾಕಿಕೊಂಡು ಶೇವು, ಚೂಡಾ, ಖಾರದ ಶೇಂಗಾ ಮಾಡುತ್ತಾನೆ. ಕಿರಾಣಿ ಅಂಗಡಿಗಳ ಮುಂದೆ ಮಾಲೆ ಹಾಗೆ ನೇತಾಡುತ್ತವಲ್ಲ, ಐದು ರೂಪಾಯಿ ಹತ್ತು ರೂಪಾಯಿ ಪಾಕೀಟು, ಅದೇ ಅವನ ಮಾಲು.

"ಅಣ್ಣಾ, ಶೇಂಗಾ ಎಣ್ಣ್ಯಾಗ ಕರದ್ರ ರುಚಿ, ಖರೆ. ಆದ್ರ ತಿಂಗಳು ಬಿಟ್ಟು ಪಾಕೀಟ್ ಒಡದ್ರ ಕಮಟು ವಾಸನಿ. ಮಾಲು ವಾಪಸ್ ನನ್ನ ಮನಿಗೇ ಬರ್ತದ. ಎಣ್ಣಿ ರೇಟ್ ಏರ್ತು ಅಂತ ಹತ್ತು ರೂಪಾಯಿ ಪಾಕೀಟ್ ಹನ್ನೊಂದ್ ಮಾಡಾಕ ಬರ್ತದೇನು?"

ಕಮಟು ವಾಸನೆ. ಇಡೀ ಕಥೆಯ ಬೇರು ಇಲ್ಲೇ ಇದೆ ಅಂತ ನನಗನಿಸುತ್ತದೆ. ಮನೆಯಲ್ಲಿ ಕರಿದದ್ದನ್ನು ನಾಲ್ಕು ದಿನದಲ್ಲಿ ತಿಂದು ಮುಗಿಸುತ್ತೇವೆ. ಪಾಕೀಟು ಕಾರ್ಖಾನೆಯಿಂದ ಹೊರಟು, ಗೋದಾಮಿನಲ್ಲಿ ಕೂತು, ಲಾರಿ ಹತ್ತಿ, ಯಾವುದೋ ಹಳ್ಳಿ ಅಂಗಡಿಯ ಬಿಸಿಲಲ್ಲಿ ನೇತಾಡಿ ನಾಲ್ಕು ತಿಂಗಳಾದ ಮೇಲೂ ಗರಿಗರಿ ಇರಬೇಕು. ತಾಳೆ ಎಣ್ಣೆಯ ಕೊಬ್ಬಿನಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್, ಅಂದರೆ ತುಪ್ಪದ ಹಾಗೆ ಗಟ್ಟಿಯಾಗುವ ಬಗೆಯದು. ಹಾಗಾಗಿ ಗಾಳಿಗೆ ಬೇಗ ಕೆಡುವುದಿಲ್ಲ, ಮತ್ತೆ ಮತ್ತೆ ಕಾಸಿದರೂ ತಡೆಯುತ್ತದೆ. ಸ್ವಲ್ಪ ತಂಪಿಗೆ ಬೆಣ್ಣೆ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಸೋಸಿ ಬೇರ್ಪಡಿಸಿದರೆ ತೆಳ್ಳನೆಯ ಭಾಗ ಪಾಮೋಲಿನ್, ಬಾಣಲೆಗೆ. ಗಟ್ಟಿ ಭಾಗ ಸ್ಟಿಯರಿನ್, ಬೇಕರಿಗೆ. ಮೊದಲು ಬೇಕರಿಯವರು ಡಾಲ್ಡಾ ಬಳಸುತ್ತಿದ್ದರು. ಅದರಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಜಾಸ್ತಿ ಅಂತ ಗೊತ್ತಾಗಿ, 2022ರ ಜನವರಿಯಿಂದ ಅದು 2% ಮೀರಬಾರದು ಅಂತ ನಿಯಮ ಬಂತು. ಒಳ್ಳೆಯ ನಿಯಮ. ಆದರೆ ಹಾಗೇ ಗಟ್ಟಿಯಾಗಿರುವ ಅಗ್ಗದ ಕೊಬ್ಬು ಬೇರೆ ಎಲ್ಲಿದೆ? ಎಲ್ಲರೂ ಇದೇ ಮರದ ಕಡೆ ಹೊರಳಿದರು.

ಈಗ ಗುಂಟೆ ಲೆಕ್ಕಕ್ಕೆ ಬರೋಣ.

ತಾಳೆ ತೋಟ ಹೆಕ್ಟೇರಿಗೆ ಸುಮಾರು ಮೂರೂವರೆ ಟನ್ ಎಣ್ಣೆ ಕೊಡುತ್ತದೆ. ನಮ್ಮ ಮನೆಯ 30 ಕೆಜಿಗೆ ಬೇಕಾಗುವ ಜಾಗ ಒಂದು ಗುಂಟೆಗೂ ಸ್ವಲ್ಪ ಕಡಿಮೆ. ಹೆಕ್ಟೇರಿಗೆ 143 ಮರ ಹಚ್ಚುತ್ತಾರೆ. ಹಾಗಾದರೆ ನಮ್ಮ ಪಾಲಿಗೆ ಒಂದು ಮರ, ಮೇಲೆ ಪಕ್ಕದ ಮರದ ಸುಮಾರು ಕಾಲು ಭಾಗ. ಅಪ್ಪ ಮತ್ತು ದೊಡ್ಡಪ್ಪ ಮೂರು ಗುಂಟೆ ಬದುವಿನ ಜಾಗಕ್ಕಾಗಿ ಹನ್ನೊಂದು ವರ್ಷ ಮಾತು ಬಿಟ್ಟವರು, ಸರ್ವೆಯವರನ್ನು ಮೂರು ಸಲ ಕರೆಸಿದವರು. ಅಂಥ ಮನೆತನದವರಿಗೆ ಸುಮಾತ್ರಾದಲ್ಲೋ ಬೋರ್ನಿಯೋದಲ್ಲೋ ಒಂದು ಗುಂಟೆ ಇದೆ. ಯಾವ ಉತಾರದಲ್ಲೂ (ಪಹಣಿಯಲ್ಲೂ) ಹೆಸರಿಲ್ಲ, ಪಾಲು ಕೇಳುವವರೂ ಇಲ್ಲ.

ಆ ಗುಂಟೆ ಹೇಗಿದೆ ಅಂತ ತಿಳಿಯುವ ಆಸೆಯಾಯಿತು.

ಆ ಮರದ ತವರು ಅದಲ್ಲ. ಪಶ್ಚಿಮ ಆಫ್ರಿಕಾದ್ದು. 1848ರಲ್ಲಿ ಡಚ್ಚರು ಜಾವಾದ ಬೋಗೋರ್ ಸಸ್ಯತೋಟದಲ್ಲಿ ನಾಲ್ಕೇ ನಾಲ್ಕು ಸಸಿ ನೆಟ್ಟರು, ಅಂದಕ್ಕೆ. ಆ ನಾಲ್ಕರ ಸಂತತಿಯೇ ಮುಂದೆ ಆ ಭಾಗದ ತೋಟಗಳ ಬುಡವಾಯಿತು. ಆದರೆ ಆಫ್ರಿಕಾದಿಂದ ಮರ ಬಂತು, ಅದರ ಹೂವಿಗೆ ಪರಾಗ ಮುಟ್ಟಿಸುವ ಹುಳ ಬರಲಿಲ್ಲ. ಮಲೇಷ್ಯಾದ ತೋಟಗಳಲ್ಲಿ ಕೂಲಿಯವರು ಕೈಯಿಂದ ಪರಾಗ ಉದುರಿಸುತ್ತಿದ್ದರು. 1981ರಲ್ಲಿ ಕ್ಯಾಮೆರೂನಿನಿಂದ ಒಂದು ಪುಟಾಣಿ ಸೊಂಡಿಲು ಹುಳ ತಂದು ಬಿಟ್ಟರು, ಕಾಯಿ ಕಟ್ಟುವ ಪ್ರಮಾಣವೇ ಬದಲಾಗಿಹೋಯಿತು. ನಮ್ಮ ಹತ್ತು ರೂಪಾಯಿ ಪಾಕೀಟಿನ ಹಿಂದೆ ಇಷ್ಟು ಸಣ್ಣ ಹುಳವೊಂದಿದೆ ಅನ್ನೋದು ನನಗೆ ಯಾಕೋ ಬಹಳ ಹಿಡಿಸಿತು.

ಈಗ ಜಗತ್ತಿನ ತಾಳೆ ಎಣ್ಣೆಯಲ್ಲಿ 85% ಹತ್ತಿರ ಇಂಡೋನೇಷ್ಯಾ, ಮಲೇಷ್ಯಾ ಎರಡರದ್ದೇ. ಮರಕ್ಕೆ ವರ್ಷವಿಡೀ ಮಳೆ, ವರ್ಷವಿಡೀ ಸೆಕೆ ಬೇಕು. ಅಂಥ ಜಾಗದಲ್ಲಿ ಮೊದಲೇ ಕಾಡು ಇತ್ತು. ಬರೀ ಕಾಡಲ್ಲ, ಕೆಲವು ಕಡೆ ಕಾಡಿನ ಕೆಳಗೆ ಪೀಟ್ ನೆಲ. ನೀರು ನಿಂತ ಜೌಗಿನಲ್ಲಿ ಬಿದ್ದ ಎಲೆ, ಟೊಂಗೆ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಹತ್ತಾರು ಅಡಿ ದಪ್ಪದ ಕರಿ ಹಾಸಾಗಿರುತ್ತದೆ. ತೋಟ ಮಾಡಬೇಕಾದರೆ ಕಾಲುವೆ ತೋಡಿ ನೀರು ಬಸಿಯಬೇಕು. ನೀರು ಹೋದ ಮೇಲೆ ಅದು ಒಣ ಕುಳ್ಳು (ಬೆರಣಿ). ಕುಳ್ಳಿನ ಬೆಂಕಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮೇಲೆ ಬೂದಿ, ಆರಿದ ಹಾಗೆ ಕಾಣುತ್ತದೆ, ಬೆಳಗ್ಗೆ ಕೆದಕಿದರೆ ಒಳಗೆ ಕೆಂಡ. ಅಲ್ಲಿ ನೆಲಕ್ಕೆ ನೆಲವೇ ಹಾಗೆ ಉರಿಯುತ್ತದೆ, ತಿಂಗಳುಗಟ್ಟಲೆ, ಮಳೆ ಬಂದರೆ ಮಾತ್ರ ಆರುತ್ತದೆ. ಉರಿಯದಿದ್ದರೂ, ಬರೀ ಒಣಗಿ ನಿಂತರೂ ಸಾವಿರಾರು ವರ್ಷ ಕೂಡಿಟ್ಟ ಇಂಗಾಲ ನಿಧಾನಕ್ಕೆ ಗಾಳಿ ಸೇರುತ್ತಿರುತ್ತದೆ.

2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಕೂಡಿಸಿದರೆ ಹದಿಮೂರುವರೆ ಲಕ್ಷ ಚಿಲ್ಲರೆ ಹೆಕ್ಟೇರ್. ಹತ್ತಿರ ಹತ್ತಿರ ಅದರ ಎರಡು ಪಟ್ಟು. ಹೊಗೆ ಸಿಂಗಪುರ, ಮಲೇಷ್ಯಾ ಮುಟ್ಟಿ ಶಾಲೆಗಳಿಗೆ ರಜೆ ಕೊಟ್ಟರು. ಇಂಡೋನೇಷ್ಯಾಕ್ಕೆ 1,600 ಕೋಟಿ ಡಾಲರ್ ನಷ್ಟ ಅಂತ ವಿಶ್ವಬ್ಯಾಂಕ್ ಅಂದಾಜು ಮಾಡಿತು. ಎಲ್ಲ ಬೆಂಕಿಯೂ ತಾಳೆ ತೋಟದ್ದಲ್ಲ, ಕಾಗದಕ್ಕೆ ಬೆಳೆಸುವ ಮರದ್ದೂ ಇತ್ತು, ಸಣ್ಣ ರೈತರು ಹೊಲ ಹಸನು ಮಾಡಲು ಹಚ್ಚಿದ್ದೂ ಇತ್ತು. ಆದರೆ ಆ ವರ್ಷ ಮಳೆ ಬಾರದಂತೆ ತಡೆದದ್ದು ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಏರುಪೇರಾಗುವುದು. ಅದೇ ಎಲ್ ನಿನೋ ವರ್ಷ ನಮ್ಮ ಕಡೆಯೂ ಮುಂಗಾರಿ ಕೈಕೊಟ್ಟಿತ್ತು, ನರಗುಂದದಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕೂತಿದ್ದು 2015ರ ಜುಲೈಯಲ್ಲೇ. ನಾವು ಇಲ್ಲಿ ಆಕಾಶ ನೋಡುತ್ತಿದ್ದಾಗ ಅಲ್ಲಿ ನಮ್ಮ ಗುಂಟೆ ಹೊಗೆಯಾಡುತ್ತಿತ್ತು ಅಂತ ಆಗ ಯಾರಿಗೆ ಗೊತ್ತು!

ಒರಾಂಗುಟಾನ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಫೋಟೋ ಹಾಕುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಮಲಯ ಭಾಷೆಯಲ್ಲಿ ಆ ಹೆಸರಿನ ಅರ್ಥ ಕಾಡಿನ ಮನುಷ್ಯ. 1999ರಿಂದ 2015ರೊಳಗೆ ಬೋರ್ನಿಯೋದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಕಡಿಮೆಯಾದವು, ಕಾಡು ಹೋಗಿ ಮತ್ತು ಬೇಟೆಗೆ ಸಿಕ್ಕು. ಸುಮಾತ್ರಾದ ತಪನುಲಿ ಭಾಗದಲ್ಲಿರುವುದು ಬೇರೆಯೇ ಜಾತಿ ಅಂತ ಗುರುತಿಸಿದ್ದು 2017ರಲ್ಲಿ. ಗುರುತಿಸಿದಾಗಲೇ ಉಳಿದದ್ದು 800ಕ್ಕಿಂತ ಕಡಿಮೆ.

ದೂರದ ಕಾಡು ಅಂತ ಅನಿಸಿದರೆ ನಮ್ಮ ಕಪ್ಪತಗುಡ್ಡ ನೆನಪು ಮಾಡಿಕೊಳ್ಳಬೇಕು. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು, ಮರುವರ್ಷ ಅದನ್ನೇ ವಾಪಸ್ ತೆಗೆದುಕೊಂಡರು. ಗದುಗಿನಲ್ಲಿ ಜನ, ಸ್ವಾಮಿಗಳು, ಹುಡುಗರು ಎಲ್ಲ ಬೀದಿಗೆ ಬಂದರು. 2017ರಲ್ಲಿ ಮತ್ತೆ ಕೊಟ್ಟರು, 2019ರಲ್ಲಿ ವನ್ಯಜೀವಿ ಧಾಮವಾಯಿತು. ಆಗ ಯಾರಾದರೂ ಬಂದು, ಈ ಗುಡ್ಡ ತೆಗೆದರೆ ಜಗತ್ತಿಗೆ ಬಿಸ್ಕಿಟ್ ಅಗ್ಗವಾಗುತ್ತದೆ, ಎಕರೆ ಲೆಕ್ಕದಲ್ಲಿ ಇದೇ ಲಾಭ ಅಂದಿದ್ದರೆ ನಾವು ಬಿಡುತ್ತಿದ್ದೆವಾ?

ಎಕರೆ ಲೆಕ್ಕ ಅಂದೆನಲ್ಲ, ಅದನ್ನು ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ತಾಳೆ ಎಣ್ಣೆ ಬಿಡಿ ಅಂತ ಕೂಗುವವರು ತಡವರಿಸುವುದು ಇಲ್ಲಿಯೇ. ನಮ್ಮ 30 ಕೆಜಿಯನ್ನು ಶೇಂಗಾದಿಂದ ತೆಗೆಯಬೇಕಾದರೆ ಒಂದು ಗುಂಟೆ ಸಾಲದು, ಮಳೆ ಚೆನ್ನಾಗಿ ಆದರೂ ಏಳೆಂಟು ಗುಂಟೆ ಬೇಕು, ನಮ್ಮ ಮಸಾರಿ ಹೊಲದಲ್ಲಾದರೆ ಹತ್ತು. ಸೂರ್ಯಕಾಂತಿ, ಸೋಯಾ ಕಥೆಯೂ ಅಷ್ಟೇ. ಬೇರೆ ಎಣ್ಣೆಗಳಿಗೆ ಒಂಬತ್ತು ಪಟ್ಟಿನವರೆಗೂ ಹೆಚ್ಚು ಜಾಗ ಬೇಕಾದೀತು, ಆಗ ಬೇರೆ ಕಾಡುಗಳು ಹೋದಾವು ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2018ರಲ್ಲೇ ಎಚ್ಚರಿಸಿತು. ಜೊತೆಗೆ ಇಂಡೋನೇಷ್ಯಾದ ತಾಳೆ ಜಮೀನಿನಲ್ಲಿ 40% ಆಸುಪಾಸು ಸಣ್ಣ ರೈತರದ್ದು. ಅವರೂ ನಮ್ಮಪ್ಪನಂಥವರೇ, ಮಕ್ಕಳ ಫೀ ಕಟ್ಟಬೇಕು.

ಈ ಮಾತಿನ ಮುಂದೆ ನಾನು ಸುಮಾರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಊರಿಗೆ ಹೋದಾಗ ಅಪ್ಪನ ಹತ್ತಿರ ಕೂತು ಕೇಳಿದೆ, ಒಂದು ಎಕರೆ ಶೇಂಗಾದಿಂದ ಏನೇನು ಬರುತ್ತಿತ್ತು ಅಂತ. ಅಪ್ಪ ಎಣ್ಣೆಯಿಂದ ಶುರು ಮಾಡಲೇ ಇಲ್ಲ. ಮೊದಲು ಹೇಳಿದ್ದು ಹೊಟ್ಟು. ಬಳ್ಳಿ ಒಣಗಿಸಿ ಬಣವಿ ಒಟ್ಟಿದರೆ ಎತ್ತಿಗೆ ಬೇಸಿಗೆಯವರೆಗೆ ಮೇವು. ಆಮೇಲೆ ಹಿಂಡಿ. ಗಾಣದಿಂದ ಎಣ್ಣೆ ಎಷ್ಟು ಬಂತೋ ಅದಕ್ಕಿಂತ ಹಿಂಡಿಯೇ ಜಾಸ್ತಿ, ಅದು ಎಮ್ಮೆಗೆ, ಎಮ್ಮೆಯಿಂದ ಹಾಲಿಗೆ. ಆಮೇಲೆ ನೆಲ. "ಶೇಂಗಾ ಹಾಕಿದ ಹೊಲದಾಗ ಮುಂದಿನ ಬೆಳಿ ಕೇಳಬ್ಯಾಡ" ಅಂದ. ಶೇಂಗಾದ ಬೇರು ಗಂಟುಗಳಲ್ಲಿ ಗಾಳಿಯ ಸಾರಜನಕ ಕೂಡುತ್ತದೆ ಅನ್ನೋದು ಪುಸ್ತಕದ ಮಾತು, ಅಪ್ಪನದು ಅನುಭವದ್ದು. ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳದ ಸುತ್ತ ಕುಸುಬಿ ಸಾಲು ಹಾಕುತ್ತಿದ್ದರು. ಎಳೆಯದಿದ್ದಾಗ ಅದರ ಪಲ್ಲೆ. ಬಲಿತ ಮೇಲೆ ಮುಳ್ಳು ಬಂದು ಅದೇ ಬೇಲಿ, ದನ ಒಳಗೆ ಬಾಯಿ ಹಾಕುವುದಿಲ್ಲ. ಕೊನೆಗೆ ಕಾಳು, ಎಣ್ಣೆ, ಮತ್ತೆ ನಮ್ಮ ಆಯಿ ಮಾಡುತ್ತಿದ್ದ ಕುಸುಬಿ ಹಾಲಿನ ಹುಗ್ಗಿ. ಬೇಲಿಯಿಂದ ಎಣ್ಣೆ ತೆಗೆದವರು ನಾವು!

ಎಕರೆಗೆ ಎಷ್ಟು ಎಣ್ಣೆ ಅಂತ ಅಳೆಯುವವರು ಹೊಟ್ಟು, ಹಿಂಡಿ, ಬೇಲಿ, ಪಲ್ಲೆ ಯಾವುದನ್ನೂ ತಕ್ಕಡಿಗೆ ಹಾಕುವುದಿಲ್ಲ. ಬಾಟಲಿಗೆ ಬಂದದ್ದು ಮಾತ್ರ ತೂಕ. ಹಾಗೆ ತೂಗಿದರೆ ಯಾವ ಬೆಳೆಯೂ ತಾಳೆಯ ಮುಂದೆ ನಿಲ್ಲುವುದಿಲ್ಲ. ನನಗೆ ಇದು ಎಮ್ಮೆಯನ್ನು ಬರೀ ಚರ್ಮದ ತೂಕದಿಂದ ಬೆಲೆ ಕಟ್ಟಿದ ಹಾಗೆ ಕಾಣುತ್ತದೆ. ಹಾಗಂತ ಊರೆಲ್ಲ ಶೇಂಗಾ ಹಾಕಿದರೆ ಎಣ್ಣೆ ಸಾಲುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಸಾಲುವುದಿಲ್ಲ.

ಒಂದು ಕಾಲದಲ್ಲಿ ಹತ್ತಿರ ಬಂದಿದ್ದೆವು ಅನ್ನೋದೂ ನಿಜ. 1986ರಲ್ಲಿ ಎಣ್ಣೆಕಾಳು ಮಿಷನ್ ಶುರುವಾಯಿತು, 90ರ ದಶಕದ ಮೊದಲ ವರ್ಷಗಳಲ್ಲಿ ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಬಹುಪಾಲು ಇಲ್ಲೇ ಬೆಳೆಯುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಮೊದಲು 65% ಇದ್ದ ಸುಂಕ 1998ರ ಹೊತ್ತಿಗೆ 15%ಕ್ಕೆ ಇಳಿಯಿತು. ಈಗ ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ನಮ್ಮೂರ ಹೊಲಗಳಲ್ಲಿ ಶೇಂಗಾ ಇದ್ದ ಕಡೆ ಗೋವಿನಜೋಳ ಬಂತು, ಕುಸುಬಿ ಹೋಗಿ ಬರೀ ಕಡಲಿ ಉಳಿಯಿತು. ಎಲ್ಲ ತಪ್ಪನ್ನೂ ಆಮದಿನ ತಲೆಗೆ ಕಟ್ಟುವುದು ಸರಿಯಲ್ಲ. ಕುಸುಬಿಯ ಮುಳ್ಳಿಗೆ ಕೈ ಕೊಟ್ಟು ಕೊಯ್ಯುವ ಆಳು ಎಲ್ಲಿದ್ದಾರೆ? ನಾನೇ ಕೊಯ್ಯಲಿಲ್ಲ, ಹುಬ್ಬಳ್ಳಿಗೆ ಓಡಿಬಂದೆ.

ಪರರ ಎಣ್ಣೆ ನಂಬಿದರೆ ಏನಾಗುತ್ತದೆ ಅಂತ 2022ರಲ್ಲಿ ನೋಡಿದೆವು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು, ಅದರ ಬೆನ್ನಿಗೆ ಏಪ್ರಿಲ್ 28ರಿಂದ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಒಂದು ತಿಂಗಳೂ ಅಲ್ಲ, ಮೇ 23ಕ್ಕೆ ಮತ್ತೆ ಬಿಟ್ಟರು. ಅಷ್ಟರಲ್ಲಿ ನಮ್ಮ ಓಣಿಯ ಗಾಡಿಯಲ್ಲಿ ಪ್ಲೇಟಿಗೆ ನಾಲ್ಕಿದ್ದ ಮಿರ್ಚಿ ಮೂರಾಗಿತ್ತು. ಮತ್ತೆ ನಾಲ್ಕಾಗಲೇ ಇಲ್ಲ.

ಹಾಗಾಗಿ ಇಲ್ಲೇ ಬೆಳೆಯೋಣ ಅಂತ 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್ ಘೋಷಿಸಿತು. ಹತ್ತು ಲಕ್ಷ ಹೆಕ್ಟೇರ್ ಗುರಿ. ಕರ್ನಾಟಕದಲ್ಲಿ ತುಂಗಭದ್ರಾ, ಭದ್ರಾ ನೀರಿನ ಕಡೆ ತಾಳೆ ಮೊದಲಿಂದಲೂ ಇದೆ. ಇಲ್ಲಿ ಕಾಡು ಕಡಿದು ಹಾಕುತ್ತಿಲ್ಲ, ಇದ್ದ ಹೊಲಕ್ಕೇ ಹಾಕುತ್ತಾರೆ. ಅದು ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಬೆಳೆದ ಮರವೊಂದಕ್ಕೆ ದಿನಕ್ಕೆ 200ರಿಂದ 300 ಲೀಟರ್ ನೀರು ಬೇಕು. ನಮ್ಮ ಕಾಕಾನ ತಲೆಯಲ್ಲೂ ಈ ಯೋಚನೆ ಬಂದಿತ್ತು. ಸಿಂಗಟಾಲೂರು ಏತ ನೀರಾವರಿಯ ನೀರು ಇವತ್ತಲ್ಲ ನಾಳೆ ಹೊಲ ಮುಟ್ಟೀತು ಅನ್ನೋ ಭರವಸೆ. ಅವನನ್ನು ಹಿಂದೆ ಎಳೆದದ್ದು ನೀರಿನ ಲೆಕ್ಕವಲ್ಲ, ಬೇರೆ. ತಾಳೆ ಗೊನೆ ಕೊಯ್ದ ಮೇಲೆ 24 ಗಂಟೆಯೊಳಗೆ ಗಿರಣಿ ಸೇರಬೇಕು, ಇಲ್ಲದಿದ್ದರೆ ಎಣ್ಣೆಯ ಗುಣ ಇಳಿಯುತ್ತದೆ. ಹತ್ತಿರದಲ್ಲಿ ಇರುವುದು ಒಂದೇ ಗಿರಣಿಯಾದರೆ ಅವರು ಹೇಳಿದ್ದೇ ರೇಟು.

"ಶೇಂಗಾ ಚೀಲ ಅಟ್ಟದ ಮ್ಯಾಲೆ ಇಟ್ಟು ರೇಟ್ ಬರೂತನಕ ಕುಂದ್ರತೇನಿ. ಇದನ್ನ ಹ್ಯಾಂಗ್ ಇಡ್ಲಿ?" ಅಂದ ಕಾಕಾ. ಮೂವತ್ತು ವರ್ಷ ನಿಲ್ಲುವ ಮರದ ಬಗ್ಗೆ ಇಷ್ಟು ಚಿಕ್ಕ, ಇಷ್ಟು ಸರಿಯಾದ ಪ್ರಶ್ನೆ ನಾನು ಯಾವ ವರದಿಯಲ್ಲೂ ಓದಿಲ್ಲ.

ನೀನೇನು ಬದಲಾದೆ ಅಂತ ಯಾರಾದರೂ ಕೇಳಿದರೆ ಹೇಳಿಕೊಳ್ಳುವಂಥದ್ದು ಏನಿಲ್ಲ. ಕಾಡು ಕಡಿಯದೆ ಬೆಳೆದ ತಾಳೆ ಎಣ್ಣೆಗೆ 2004ರಲ್ಲಿ ಹುಟ್ಟಿದ ಆರ್‌ಎಸ್‌ಪಿಒ ಅನ್ನುವ ಕೂಟ ಮುದ್ರೆ ಕೊಡುತ್ತದೆ ಅಂತ ತಿಳಿದು ನಮ್ಮ ಅಡುಗೆಮನೆಯ ಪಾಕೀಟುಗಳಲ್ಲೆಲ್ಲ ಹುಡುಕಿದೆ. ಒಂದರಲ್ಲೂ ಕಾಣಲಿಲ್ಲ. ಐದು ರೂಪಾಯಿಯ ಪಾಕೀಟಿಗೆ ಅದನ್ನು ಯಾರು ಕೇಳುತ್ತಾರೆ? ಮಗಳಿಗೆ ಚಿಪ್ಸ್ ಬೇಡ ಅಂದರೆ ಮನೆಯಲ್ಲಿ ರಣರಂಗ. ಸಂಜೆಗೆ ಒಗ್ಗರಣೆ ಚುರುಮುರಿ, ಹುರಿದ ಶೇಂಗಾ ಮಾಡಿದ ದಿನ ಅವಳು ಪಾಕೀಟು ಕೇಳುವುದು ಮರೆಯುತ್ತಾಳೆ, ಅಷ್ಟು ಮಾತ್ರ ನೋಡಿದ್ದೇನೆ.

ಹೋದ ತಿಂಗಳು ಊರಿಂದ ಶೇಂಗಾ ಕಾಳು ಚೀಲ ಬಂತು. ಅವ್ವನ ಹಟಕ್ಕೆ ಧಾರವಾಡದ ಹತ್ತಿರ ಇರುವ ಒಂದು ಮರದ ಗಾಣಕ್ಕೆ ಒಯ್ದೆವು. ಎತ್ತಿಲ್ಲ, ಕರೆಂಟಿನ ಮೋಟಾರು. ಹತ್ತು ಕೆಜಿ ಕಾಳಿಗೆ ನಾಲ್ಕು ಕೆಜಿ ಚಿಲ್ಲರೆ ಎಣ್ಣೆ ಬಂತು. ಉಳಿದ ಹಿಂಡಿಯನ್ನು ಅವ್ವ ಅಲ್ಲಿ ಬಿಡಲಿಲ್ಲ, ಓಣಿಯ ಹಾಲಿನವರ ಎಮ್ಮೆಗೆ ಅಂತ ಕಟ್ಟಿಸಿಕೊಂಡಳು. ಎಣ್ಣೆ ತಿಳಿಯಾಗಲಿ ಅಂತ ಕಾಯುತ್ತಾ ಕೂತಿದ್ದೆವು. ಗಾಣದ ಯಜಮಾನರು ಚಹಾ ತರಿಸಿದರು. ಜೊತೆಗೆ ತಟ್ಟೆಯಲ್ಲಿ ಕ್ರೀಮ್ ಬಿಸ್ಕಿಟ್, ಪಾಕೀಟು ಪಕ್ಕದಲ್ಲೇ.

"ತಗೋರಿ ಅಕ್ಕಾರ, ಸಂಕೋಚ ಮಾಡ್ಕೋಬ್ಯಾಡ್ರಿ" ಅಂದರು.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಎರಡು ತೆಗೆದುಕೊಂಡು ಒಂದನ್ನು ನನಗೆ ಕೊಟ್ಟಳು.